ಬಿಲ್ ಬರುವ ಮುಂಚೆ

ಫೆಬ್ರವರಿ ೩

ಮರಿಗೆ,

ನಾನು ಕ್ಷೇಮ ಎಂದು ಬರೆದು ನಿನ್ನ ಕ್ಷೇಮ ಕೇಳುವುದು ರೂಢಿ. ನಾನು ಕ್ಷೇಮವೋ ಅಲ್ಲವೋ ನನಗೇ ಸರಿಯಾಗಿ ಗೊತ್ತಿಲ್ಲ, ನಿನ್ನ ಕ್ಷೇಮ ಕೇಳುವುದಕ್ಕೆ ಮುಖವಿಲ್ಲ. ಹಾಗಾಗಿ ಆ ಸಾಲನ್ನು ಹಾರಿಸಿ ಮುಂದೆ ಹೋಗುತ್ತೇನೆ. ಕಿವಿಯ ಮೇಲೆ ನರೆತವನನ್ನು ಇನ್ನೂ ಮರಿ ಎನ್ನುತ್ತಾನಲ್ಲ ಎಂದು ಬೈದುಕೊಳ್ಳಬೇಡ. ನಿಮ್ಮಕ್ಕ ಇಟ್ಟ ಹೆಸರು. ನನ್ನ ನಾಲಿಗೆಗೆ ಬೇರೆಯದು ಹತ್ತುವುದಿಲ್ಲ.

ನಿನ್ನೆ ಕೋರ್ಟಿನಿಂದ ಕಾಗದ ಬಂತು. ನನ್ನ ದಿವಾಳಿ ಪ್ರಕರಣ ಮುಗಿಯಿತಂತೆ. 'ಡಿಸ್‌ಚಾರ್ಜ್' ಅಂತ ಬರೆದಿದ್ದಾರೆ. ಆಸ್ಪತ್ರೆಯವರು ನಿಮ್ಮಕ್ಕನನ್ನು ಮನೆಗೆ ಕಳಿಸುವಾಗ ಕೊಟ್ಟ ಚೀಟಿಯ ಮೇಲೂ ಅದೇ ಪದ ಇತ್ತು, ವಾರ ತುಂಬುವ ಮುಂಚೆ ಅವಳು ಹೋದಳು. ಇನ್ನು ನಾನು ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂದು ಸಹಿ, ಮೊಹರು ಎಲ್ಲ ಇದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟು ಹಾಕಿ ಮತ್ತೆ ಮತ್ತೆ ಓದಿದೆ. ನಿನ್ನ ವಿಷಯ ಒಂದಕ್ಷರ ಇಲ್ಲ.

ಸೋಫಾ ಅಂಗಡಿಯನ್ನು ಶೋರೂಮ್ ಮಾಡುತ್ತೇನೆಂದು ಸಾಲ ಎತ್ತಿದವನು ನಾನು, ಜಾಮೀನು ನಿಂತವನು ನೀನು. ಮುಳುಗಿದಾಗ ಕಾನೂನು ನನ್ನನ್ನು ಬಿಟ್ಟು ನಿನ್ನ ಕೊರಳಪಟ್ಟಿ ಹಿಡಿಯಿತು. ನಿನ್ನ ಕಟಿಂಗ್ ಶಾಪ್ ಹೋಯಿತು, ಕನ್ನಡಿ ಕುರ್ಚಿ ಹರಾಜಾದವು, ನೀನು ಇನ್ನೊಬ್ಬರ ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತೆ. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಕೋರ್ಟಿನ ಕಾಗದ ಹೇಳದೆ ಬಿಟ್ಟಿದ್ದನ್ನು ಯಾರಾದರೂ ಒಂದು ಕಡೆ ಬರೆಯಬೇಕಲ್ಲ ಅಂತ ಬರೆದೆ.

ಈಗ ವಿಷಯ. ನಿನ್ನ ಯಜಮಾನರು ವಯಸ್ಸಾಯಿತೆಂದು ಬರುವ ಜನವರಿಗೆ ಅಂಗಡಿ ಬಿಡುತ್ತಾರಂತೆ. ಆ ಜಾಗವನ್ನು ನೀನೇ ಬಾಡಿಗೆಗೆ ಹಿಡಿಯಬೇಕು ಎಂದಿದ್ದೀಯಂತೆ, ಕಟ್ಟಡದವರು ಜಾಮೀನು ಕೇಳುತ್ತಿದ್ದಾರಂತೆ. ನನ್ನ ಮಗಳು ಬಾಯಿ ತಪ್ಪಿ ಹೇಳಿದಳು. ತಾನೇ ಸಹಿ ಹಾಕುತ್ತೇನೆ ಅಂದದ್ದಕ್ಕೆ ಸೋದರಮಾವನಾಗಿ ನೀನು ಚೆನ್ನಾಗಿ ಬೈದು ಕಳಿಸಿದೆಯಂತೆ. ಸರಿ ಮಾಡಿದೆ. ಆ ಸಹಿ ಹಾಕಬೇಕಾದವನು ನಾನು.

ನಗಬೇಡ. ದಾರಿ ಇದೆ. ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ ಇಟ್ಟರೆ ಅದರ ಮೇಲೆ ಒಂದು ಕಾರ್ಡು ಕೊಡುತ್ತಾರೆ. ನನ್ನ ದುಡ್ಡನ್ನೇ ಒತ್ತೆ ಇಟ್ಟುಕೊಂಡು ನನಗೇ ಸಾಲ. ಅದರಲ್ಲಿ ಸಣ್ಣಪುಟ್ಟ ಸಾಮಾನು ಕೊಂಡು ಸರಿಯಾಗಿ ಕಟ್ಟುತ್ತ ಹೋದರೆ, ಮನುಷ್ಯರ ನಂಬಿಕೆಗೆ ಮಾರ್ಕ್ಸ್ ಹಾಕುವ ಕಚೇರಿಯೊಂದಿದೆಯಂತಲ್ಲ, ಅವರು ನನ್ನ ಅಂಕ ಮೇಲೇರಿಸುತ್ತಾರೆ. ಜನವರಿಯ ಹೊತ್ತಿಗೆ ಪಾಸಾಗಿರುತ್ತೇನೆ. ಉತ್ತರ ಬರೆಯಲೇಬೇಕು ಅಂತೇನಿಲ್ಲ.

ಯುವರ್ಸ್ ಫೇತ್‌ಫುಲಿ (ಸಿನ್ಸಿಯರ್ಲಿ ಯಾರಿಗೆ, ಫೇತ್‌ಫುಲಿ ಯಾರಿಗೆ ಅಂತ ಹೇಳಿಕೊಟ್ಟಿದ್ದರು, ಮರೆತಿದೆ),
ಭಾವ


ಫೆಬ್ರವರಿ ೨೬

ಭಾವನವರಿಗೆ,

ಪತ್ರವನ್ನು ಬಿಚ್ಚದೆ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದೆ. ಒಂದು ದಿನ ಗಿರಾಕಿ ಇರಲಿಲ್ಲ, ಓದಿದೆ.

ಜನರ ತಲೆ ಬೋಳಿಸುವುದು ನನ್ನ ಕಸುಬು. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದವರು ನೀವು. ಈ ಮಾತು ಬಹಳ ದಿನದಿಂದ ಬಾಯಲ್ಲಿತ್ತು, ಬರೆದಾಯಿತು. ಇನ್ನು ಮುಂದಿನದಕ್ಕೆ ಬರುತ್ತೇನೆ.

ನಿಮ್ಮ ಮಗಳು ಹೇಳಿದ್ದು ನಿಜ. ಯಜಮಾನರ ಕೈ ನಡುಗುತ್ತದೆ, ಕತ್ತಿ ಹಿಡಿಯಲಾರರು. ಜನವರಿ ಕೊನೆಗೆ ಬೀಗ ಹಾಕುತ್ತಾರೆ. ಜಾಗ ಸಿಗದಿದ್ದರೆ ಈ ವಯಸ್ಸಿನಲ್ಲಿ ನನಗೆ ಇನ್ನೊಂದು ಅಂಗಡಿಯವರು ನಿಲ್ಲಲು ಜಾಗ ಕೊಡುವುದಿಲ್ಲ; ಈಗಿನವರಿಗೆ ಹಚ್ಚೆ ಹಾಕಿಸಿಕೊಂಡ ಹುಡುಗರು ಬೇಕು. ಹಾಗಾಗಿ ನಿಮ್ಮ ಸಹಿ ನನಗೆ ಬೇಡ ಎಂದು ಬಿಗುಮಾನದಿಂದ ಹೇಳಲಾರೆ. ಆದರೆ ಅದನ್ನು ನಂಬಿ ಕೂರುವುದೂ ಇಲ್ಲ. ಹಾಕಿದರೆ ಹಾಕಿ.

ಒಂದು ವಿಷಯ ನಿಮಗೆ ಗೊತ್ತಿಲ್ಲ. ಹರಾಜಿನಲ್ಲಿ ನನ್ನ ಕುರ್ಚಿಯನ್ನು ಎತ್ತಿಕೊಂಡವರು ಈ ಯಜಮಾನರೇ. ಕೆಲಸಕ್ಕೆ ಸೇರಿದ ದಿನ ನೋಡಿದೆ. ಇಷ್ಟು ವರ್ಷ ನನ್ನ ಕುರ್ಚಿಯ ಹಿಂದೆಯೇ ಕೂಲಿಗೆ ನಿಂತಿದ್ದೇನೆ.

ಅಕ್ಕನನ್ನು ಕಳಿಸಿಕೊಟ್ಟ ದಿನ ನಿಮ್ಮ ಬೆನ್ನ ಹಿಂದೆ ಇದ್ದೆ. ಕತ್ತಿನ ಮೇಲೆ ಕೂದಲು ಇಲಿ ಕಡಿದ ಹಾಗಿತ್ತು. ನನ್ನ ಹತ್ತಿರ ಬರುವುದು ಬಿಟ್ಟ ಮೇಲೆ ನೀವೇ ಕತ್ತರಿಸಿಕೊಳ್ಳುತ್ತಿದ್ದೀರಿ ಅಂತ ತಿಳಿಯಿತು. ಅಂಥ ದಿನ ಕೂಡ ಕಣ್ಣು ಅಲ್ಲಿಗೇ ಹೋಯಿತು, ಕಸುಬಿನ ದೋಷ. ಇದರ ಜೊತೆ ನನ್ನ ಹಳೆಯ ಟ್ರಿಮ್ಮರ್ ಇದೆ. ಕತ್ತಿನ ಹತ್ತಿರ ಕೆಳಗಿನಿಂದ ಮೇಲಕ್ಕೆ ಓಡಿಸಿ.

ಇಂತಿ,
ಮರಿ


ಏಪ್ರಿಲ್ ೧೪

ಮರಿಗೆ,

ಟ್ರಿಮ್ಮರ್ ತಲುಪಿತು. ಅದಕ್ಕೆ ಪ್ರತಿಯಾಗಿ ಒಂದು ದಿಂಬು ಕಳಿಸಿದ್ದೇನೆ, ಸೊಂಟಕ್ಕೆ ಒತ್ತು ಕೊಟ್ಟು ಕೂರುವಂಥದ್ದು. ಒಳಗಿರುವುದು ಒಳ್ಳೆಯ ಸ್ಪಂಜು, ಚೂರುಪಾರು ತುಂಬಿದ್ದಲ್ಲ. ಬೆಲೆ ಹೆಚ್ಚುಕಡಿಮೆ ಸಮಸಮ ಆಗುತ್ತದೆ, ವಿಚಾರಿಸಿದ್ದೇನೆ.

ನನ್ನ ಕೆಲಸ ಏನು ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಸ್ ಡಿಪೋದ ಹಿಂಭಾಗದ ಶೆಡ್ಡಿನಲ್ಲಿ ಸೀಟು ರಿಪೇರಿ. ಹರಿದ ಸೀಟು ಬಿಚ್ಚುವುದು, ಸ್ಪಂಜು ಬದಲಿಸುವುದು, ರೆಕ್ಸಿನ್ ಎಳೆದು ಮೊಳೆ ಹೊಡೆಯುವುದು. ಮೇಸ್ತ್ರಿ ನನಗಿಂತ ಬಹಳ ಚಿಕ್ಕವನು, ನನ್ನನ್ನು ಶೋರೂಮ್ ಅಂತ ಕರೆಯುತ್ತಾನೆ. ಶೋರೂಮ್, ಸುತ್ತಿಗೆ ಕೊಡು. ಶೋರೂಮ್, ಟೀ ಬಂತು. ಮೊದಮೊದಲು ಚುಚ್ಚುತ್ತಿತ್ತು, ಈಗ ಓಗೊಡುತ್ತೇನೆ. ಸೀಟಿನ ಸಂದಿಯಲ್ಲಿ ಏನೆಲ್ಲ ಸಿಗುತ್ತದೆ ಗೊತ್ತೇ, ಒಂಟಿ ಓಲೆ, ಬಾಚಣಿಗೆ, ಮಗುವಿನ ಒಂದು ಕಾಲಿನ ಬೂಟು. ಡಬ್ಬಿಯಲ್ಲಿ ಹಾಕಿಡುತ್ತೇವೆ. ಯಾರೂ ಕೇಳಿಕೊಂಡು ಬರುವುದಿಲ್ಲ. ಎಲ್ಲಿ ಕಳೆಯಿತು ಅಂತ ಜನಕ್ಕೆ ಗೊತ್ತೇ ಇರುವುದಿಲ್ಲ.

ಕಾರ್ಡು ಬಂತು. ಹೊಳೆಯುವ ನೀಲಿ, ನನ್ನ ಹೆಸರು ಉಬ್ಬಿಕೊಂಡಿದೆ. ಶೋರೂಮಿನ ಬಾಗಿಲ ಮೇಲಿಂದ ನನ್ನ ಹೆಸರು ಕಿತ್ತ ಮೇಲೆ ಅದನ್ನು ಅಷ್ಟು ದಪ್ಪಕ್ಕೆ ಎಲ್ಲೂ ನೋಡಿರಲಿಲ್ಲ. ಮೊದಲ ದಿನ ಬ್ರೆಡ್ಡು, ಸೋಪು, ದಾರದ ಉಂಡೆ ಕೊಂಡೆ. ಕಾರ್ಡು ಗೀಚಿದ ತಕ್ಷಣ ಎದೆ ಧಸಕ್ಕೆಂದಿತು. ಕೈಯಲ್ಲಿ ಬ್ರೆಡ್ಡು ಇದೆ, ಆದರೆ ಅದರ ದುಡ್ಡು ನಾನು ಕೊಟ್ಟಿಲ್ಲ. ಮಾರನೆಯ ದಿನ ಬ್ಯಾಂಕು ಬಾಗಿಲು ತೆರೆಯುವ ಮುಂಚೆ ಮೆಟ್ಟಿಲ ಮೇಲೆ ಕೂತಿದ್ದು, ತೆರೆದ ಕೂಡಲೇ ಕಟ್ಟಿ ಬಂದೆ. ಆಮೇಲಿಂದ ಅದೇ ಪದ್ಧತಿ ಇಟ್ಟುಕೊಂಡಿದ್ದೇನೆ. ಇಂದು ಕೊಂಡರೆ ನಾಳೆ ಕಟ್ಟುವುದು. ಬಿಲ್ಲು ಬಂದು ಬಾಗಿಲು ತಟ್ಟುವವರೆಗೂ ಕಾಯುವ ಮನುಷ್ಯ ಅಲ್ಲ ಇವನು ಅಂತ ಅವರಿಗೂ ತಿಳಿಯಲಿ. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಕುಡಿಯಲಿ ಬಿಡು, ಊದುವುದರಿಂದ ಯಾರಿಗೂ ನಷ್ಟವಿಲ್ಲ. ಎ ಸ್ಟಿಚ್ ಇನ್ ಟೈಮ್ ಸೇವ್ಸ್, ನೈನೋ ನೈಂಟಿಯೋ, ಎಷ್ಟೋ ಒಂದಷ್ಟು.

ಟ್ರಿಮ್ಮರನ್ನು ನೀನು ಹೇಳಿದ ಹಾಗೆ ಓಡಿಸಿದೆ. ಹಿಂದೆ ಏನಾಗಿದೆ ಅಂತ ಕಾಣುವುದಿಲ್ಲ. ಮೇಸ್ತ್ರಿ ನೋಡಿ ಏನೂ ಹೇಳಲಿಲ್ಲ, ಅದೇ ಭಯ.

ನಿನ್ನ ಭಾವ


ಜೂನ್ ೨೦

ಭಾವನವರಿಗೆ,

ದಿಂಬು ಬಂದು ಬಹಳ ದಿನವಾಯಿತು. ಕೋಪ ಇಳಿಯಲಿ ಅಂತ ಕಾದೆ. ನಾನು ಟ್ರಿಮ್ಮರ್ ಕಳಿಸಿದರೆ ದಿಂಬು ಬರುತ್ತದೆ. ನಿಮ್ಮ ಮಗಳ ಕೈಲಿ ಬಿಸ್ಕತ್ತು ಕಳಿಸಿದರೆ ಅವಳ ಕೈಲೇ ಸೋಪಿನ ಪೆಟ್ಟಿಗೆ ಬರುತ್ತದೆ. ನಿಮಗೆ ಏನಾದರೂ ಕೊಡುವುದೆಂದರೆ ಗೋಡೆಗೆ ಚೆಂಡು ಹೊಡೆದ ಹಾಗೆ. ಅಕ್ಕನೂ ಇದನ್ನೇ ಹೇಳುತ್ತಿದ್ದಳು.

ಕುರ್ಚಿಯ ಸೀಟು ಹರಿದಿದೆ, ಟೇಪು ಹಚ್ಚಿದ್ದೇವೆ. ಗಿರಾಕಿಗಳು ಏಳುವಾಗ ಪ್ಯಾಂಟಿಗೆ ಅಂಟಿಕೊಂಡು ಬರುತ್ತದೆ. ಯಜಮಾನರು ಇನ್ನೆಷ್ಟು ದಿನ ಬಿಡಪ್ಪ ಎನ್ನುತ್ತಾರೆ. ಕುರ್ಚಿಗೆ ಹೇಳಿದರೋ ತಮಗೆ ಹೇಳಿಕೊಂಡರೋ.

ದಿಂಬು ಚೆನ್ನಾಗಿದೆ.

ಮರಿ


ಸೆಪ್ಟೆಂಬರ್ ೯

ಮರಿಗೆ,

ಇವತ್ತು ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋಗಿದ್ದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನನ್ನನ್ನು ನಂಬಿ ಕೂತಿಲ್ಲ ಅಂತ ನೀನು ಬರೆದದ್ದೇ ಒಳ್ಳೆಯದಾಯಿತು.

ಅಲ್ಲೊಬ್ಬಳು ಕನ್ನಡಕದ ಹುಡುಗಿ ಇದ್ದಾಳೆ, ನನ್ನ ಮಗಳಿಗಿಂತ ಚಿಕ್ಕವಳು. ದಿನಾ ಬೆಳಗ್ಗೆ ಮೆಟ್ಟಿಲ ಮೇಲೆ ನನ್ನನ್ನು ನೋಡಿ ನೋಡಿ ಪರಿಚಯವಾಗಿದೆ. ನನ್ನ ಅಂಕ ಎಷ್ಟಕ್ಕೆ ಬಂತು ನೋಡಮ್ಮ ಅಂದೆ. ಪರೀಕ್ಷೆ ಚೆನ್ನಾಗಿ ಬರೆದು ಬಂದವನ ಜಂಬ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಅವಳು ಕಂಪ್ಯೂಟರ್ ನೋಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಇದ್ದಲ್ಲೇ ಇತ್ತು. ಒಂದು ಕೂದಲಿನಷ್ಟೂ ಜರುಗಿರಲಿಲ್ಲ.

"ಅಂಕಲ್, ನೀವು ಸಾಲಾನೇ ಮಾಡಿಲ್ವಲ್ಲ" ಅಂದಳು.

"ದಿನಾ ಮಾಡಿದೀನಮ್ಮ. ಎಲ್ಲಾ ಕಟ್ಟಿದೀನಿ, ನಿನ್ನ ಕೈಗೇ ಕಟ್ಟಿದೀನಿ."

"ಬಿಲ್ ಬರೋ ಮುಂಚೆನೇ ಕಟ್ಬಿಟ್ಟಿದೀರಿ. ನಾವು ಬಿಲ್ ಹಾಕೋ ದಿನ ನಿಮ್ಮ ಲೆಕ್ಕದಲ್ಲಿ ಸೊನ್ನೆ ಇರುತ್ತೆ. ಮೇಲಿನೋರಿಗೆ ಹೋಗೋದು ಆ ಸೊನ್ನೆ. ಈ ಮನುಷ್ಯ ಕಾರ್ಡ್ ಮುಟ್ಟೇ ಇಲ್ಲ ಅಂತ ಬರ್ಕೋತಾರೆ, ಅಷ್ಟೇ."

ಹಾಗಾದರೆ ಏನು ಮಾಡಲಿ ಅಂದೆ. ಅವಳಿಗೆ ಪಾಪ ಅನಿಸಿರಬೇಕು, ದನಿ ಇಳಿಸಿ ಹೇಳಿದಳು. "ಸ್ವಲ್ಪ ದಿನ ಸಾಲಗಾರರಾಗಿರಿ ಅಂಕಲ್. ಬಿಲ್ ಬರ್ಲಿ, ಮನೇಲಿಟ್ಕೊಳ್ಳಿ, ಆಮೇಲೆ ಗಡುವಿನೊಳಗೆ ಕಟ್ಟಿ. ಬಾಕಿ ಇರೋನು ವಾಪಸ್ ಕೊಟ್ಟಾಗ ತಾನೇ ನಂಬಿಕೆ."

ನಾನು ಮೆಟ್ಟಿಲ ಮೇಲೆ ಬಂದು ಕೂತೆ, ಆ ಹೊತ್ತಿಗೆ ಬಿಸಿಲು ಬಂದಿತ್ತು. ಏಪ್ರಿಲ್‌ನಿಂದ ಕಾಲು ಸವೆಸಿದ್ದು ಎಲ್ಲ ಯಾವ ಲೆಕ್ಕಕ್ಕೂ ಇಲ್ಲ. ಜನವರಿಗೆ ಉಳಿದಿರುವುದು ಎಷ್ಟು ಅಂತ ನೀನೇ ನೋಡು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರೆ. ನಾನು ಕೊಳ್ಳೆ ಹೋದ ಊರಿನ ಕೋಟೆಗೆ ದಿನಾ ಬೆಳಗ್ಗೆ ಹೋಗಿ ಬೀಗ ಒರೆಸಿ ಬರುತ್ತಿದ್ದೆ. ಸುಸ್ತಾಗಿದೆ ಮರಿ. ಸೀಟು ಬಿಚ್ಚಿದರೆ ಒಳಗೆ ಬರೀ ಧೂಳು ಇರುತ್ತದಲ್ಲ, ಹಾಗೆ.

ಇನ್ನು ಅವಳು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ ಭಾವ


ಅಕ್ಟೋಬರ್ ೨೮

ಮರಿಗೆ,

ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ಬರಲಿ ಅಂತಲೂ ಬರೆದಿರಲಿಲ್ಲ.

ಮೊದಲನೆಯ ಬಿಲ್ಲು ಬಂತು. ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ನನ್ನ ಕೋಣೆ ಎಷ್ಟು ಚಿಕ್ಕದೆಂದರೆ ಎಲ್ಲಿ ಕೂತರೂ ಅದು ಕಾಣುತ್ತದೆ. ಊಟ ಮಾಡುವಾಗ ಅದಕ್ಕೆ ಬೆನ್ನು ಹಾಕಿ ಕೂತೆ, ಬೆನ್ನು ಉರಿಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಬೀದಿ ಕೊನೆಯವರೆಗೂ ಹೋಗಿ ವಾಪಸ್ ಬಂದೆ. ಸಾಲದಲ್ಲಿ ಇರುವುದು ಹೇಗೆ ಅನ್ನುವುದನ್ನೇ ನಾನು ಮರೆತುಬಿಟ್ಟಿದ್ದೇನೆ ಅನಿಸುತ್ತದೆ. ಹಿಂದೆ ಎಷ್ಟು ಸಲೀಸಾಗಿ ಇದ್ದೆ. ಅಷ್ಟು ದೊಡ್ಡ ಸಾಲ ಹೊತ್ತು ಗಡದ್ದಾಗಿ ಉಂಡು, ಗಿರಾಕಿಗಳಿಗೆ ಹೊಸ ಸೋಫಾದ ಮೇಲೆ ಕುಣಿದು ತೋರಿಸುತ್ತಿದ್ದೆ. ಈಗ ಎರಡು ಬ್ರೆಡ್ಡು, ಒಂದು ಬಲ್ಬಿನ ಬಾಕಿ ಎದೆ ಮೇಲೆ ಕೂರುತ್ತದೆ.

ಒಂದು ಮಾತು ಬರೆಯಲೋ ಬೇಡವೋ ಅಂತ ಇಷ್ಟು ಪತ್ರ ಕಳೆದವು. ಬ್ಯಾಂಕಿನವರು ಜಾಮೀನು ಕೇಳಿದಾಗ ನೀನು ಒಂದು ಪ್ರಶ್ನೆ ಕೇಳದೆ ಬಂದು ಸಹಿ ಹಾಕಿದೆ. ನಿಮ್ಮಕ್ಕ ನಿನ್ನನ್ನು ಬೇಡಿಕೊಂಡಿರಬೇಕು ಅಂತ ನಾನು ಆಗಲೇ ತಿಳಿದೆ, ಅವಳನ್ನು ಕೇಳಲಿಲ್ಲ. ಕೊನೆಯ ವರ್ಷ ಅವಳು ನನ್ನೊಡನೆ ಮಾತು ಕಡಿಮೆ ಮಾಡಿದಳು. ತಮ್ಮನನ್ನು ಬಾವಿಗೆ ನೂಕಿದೆನಲ್ಲ ಅಂತ ಕೊರಗುತ್ತಿದ್ದಾಳೆ ಅಂದುಕೊಂಡೆ. ಅವಳ ಮೇಲೆ ನಿನಗೆ ಸಿಟ್ಟಿದ್ದರೆ ಬಿಟ್ಟುಬಿಡು. ಎಲ್ಲಾ ನನಗಾಗಿ ಮಾಡಿದಳು.

ನಾಳೆ ಕಟ್ಟಬಹುದಿತ್ತು. ಇನ್ನೊಂದು ವಾರ ಬಿಡಿ ಅಂದಿದ್ದಾಳೆ ಕನ್ನಡಕದವಳು.

ಭಾವ


ನವೆಂಬರ್ ೧೭

ಭಾವನವರಿಗೆ,

ಅಕ್ಕ ಬೇಡ ಅಂದಿದ್ದಳು.

ನೀವು ತಪ್ಪು ತಿಳಿದುಕೊಂಡೇ ಇರುವುದು ಅವಳಿಗೆ ಅನ್ಯಾಯ, ಅದಕ್ಕೆ ಬರೆಯುತ್ತಿದ್ದೇನೆ. ಸಹಿ ಹಾಕುವ ಹಿಂದಿನ ದಿನ ಅಂಗಡಿಗೆ ಬಂದಿದ್ದಳು. ಗಿರಾಕಿಯ ಮುಖದ ತುಂಬ ನೊರೆ ಇತ್ತು, ಅವನಿಗೆ ಕೇಳಿಸುತ್ತದೆ ಅಂತಲೂ ನೋಡಲಿಲ್ಲ. "ಬೇಡ ಮರಿ. ಅವರ ಕೈಗಿಂತ ಅಂಗಡಿ ದೊಡ್ಡದಾಗಿದೆ. ನಾನು ಹೇಳಿದರೆ ಕೇಳಲ್ಲ. ನೀನು ಇಲ್ಲ ಅಂದ್ರೆ ನಿಂತುಹೋಗುತ್ತೆ, ಇಲ್ಲ ಅನ್ನು." ಅಷ್ಟು ಹೇಳಿ ಹೋದಳು. ಮಾರನೆಯ ದಿನ ನಾನು ಬಂದು ಸಹಿ ಹಾಕಿದೆ. ಆಮೇಲೆ ನನ್ನೊಡನೆಯೂ ಮಾತು ಕಡಿಮೆ ಮಾಡಿದಳು.

ಯಾಕೆ ಹಾಕಿದೆ ಅಂದರೆ ಕುರ್ಚಿಗೋಸ್ಕರ. ಅಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕಿದಾಗ ನಿಮ್ಮ ಮನೆಗೆ ಬಂದೆ. ನೀವು ಗುಜರಿಯಿಂದ ಆ ಕಬ್ಬಿಣದ ಕುರ್ಚಿ ತಂದು, ನಾರು ತುಂಬಿ, ಕೆಂಪು ರೆಕ್ಸಿನ್ ಹಾಕಿ ಕೊಟ್ಟಿರಿ. ಅಕ್ಕ ರಾತ್ರಿಯೆಲ್ಲ ಮಿಷನ್ ತುಳಿದು ಅಂಚಿನ ಸುತ್ತ ಪೈಪಿಂಗ್ ಪಟ್ಟಿ ಹೊಲಿದಳು. ದುಡಿಯಲು ಶುರುಮಾಡಿದ ಮೇಲೆ ಅದರ ದುಡ್ಡು ಕೊಡಲು ಬಂದರೆ ನೀವು ಮುಟ್ಟಲಿಲ್ಲ. ನನ್ನ ಕೂದಲು ಕತ್ತರಿಸು ಸಾಕು ಅಂದಿರಿ. ಎಷ್ಟು ವರ್ಷ ಕತ್ತರಿಸಿದರೂ ತೀರಿತು ಅಂತ ಅನಿಸಲೇ ಇಲ್ಲ. ಬ್ಯಾಂಕಿನವರು ಕಾಗದ ಮುಂದಿಟ್ಟಾಗ, ಇವತ್ತಿಗೆ ಚುಕ್ತಾ ಆಯಿತು ಅನ್ನುವ ಖುಷಿಯಲ್ಲಿ ಹಾಕಿದೆ.

ಬಿಲ್ ಬರುವ ಮುಂಚೆ ಕಟ್ಟುವ ರೋಗ ನಿಮಗೊಬ್ಬರಿಗೇ ಅಲ್ಲ.

ಮರಿ


ಜನವರಿ ೨೯

ಮರಿಗೆ,

ನಿನ್ನೆ ಕಟ್ಟಡದವರ ಕಚೇರಿಗೆ ಹೋಗಿದ್ದೆ. ನಿನಗೆ ಹೇಳದೆ ಹೋದೆ. ಇಸ್ತ್ರಿ ಮಾಡಿದ ಶರ್ಟು, ಬ್ಯಾಂಕಿನ ಕಾಗದ ಕವರಿನಲ್ಲಿ. ಅಂಕ ಏರಿದೆ, ಅದು ಸುಳ್ಳಲ್ಲ. ಕನ್ನಡಕದವಳು ಅದಕ್ಕೆ ಹಸಿರು ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟಿದ್ದಳು.

ಅಲ್ಲಿನ ಮ್ಯಾನೇಜರು ಕೆಟ್ಟವನಲ್ಲ. ಕೂರಿಸಿದ, ನೀರು ತರಿಸಿದ. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಇಂಗ್ಲಿಷಿನಲ್ಲಿ, ಸರ್, ವಿತ್ ರೆಫರೆನ್ಸ್ ಟು ದ ಅಬವ್, ಅಂತ ಶುರುಮಾಡಿ ಅಲ್ಲೇ ನಿಂತೆ. ಮೇಲೆ ಏನೂ ಇರಲಿಲ್ಲ, ಫ್ಯಾನು ಬಿಟ್ಟರೆ. ಆಮೇಲೆ ಬಂದ ಹಾಗೆ ಮಾತಾಡಿದೆ. ಅವನು ಕಾಗದ ನೋಡಿ, ನಿಮ್ಮ ದಾಖಲೆ ಇನ್ನೂ ಎಳೆಯದು, ಇದೇ ಥರ ಇನ್ನೊಂದು ವರ್ಷ ನಡೆಸಿಕೊಂಡು ಬನ್ನಿ, ಸಂತೋಷದಿಂದ ಸಹಿ ತಗೊಳ್ತೀವಿ ಅಂದ. ಜಾಗವನ್ನು ಮೊಬೈಲಿನ ಕವಚ ಮಾರುವವರಿಗೆ ಕೊಟ್ಟಾಗಿದೆ. ಏಪ್ರಿಲ್‌ನಲ್ಲೇ ಸರಿಯಾಗಿ ಶುರುಮಾಡಿದ್ದರೆ ಅಂತ ಕೇಳಿದೆ. ಆಗ ನೋಡಬಹುದಿತ್ತು ಅಂದ. ಕೇಳಬಾರದಿತ್ತು.

ಎರಡನೆಯ ಸಲವೂ ನಿನ್ನ ಅಂಗಡಿ ನನ್ನ ಕೈಯಿಂದಲೇ ಹೋಯಿತು.

ಅಕ್ಕನ ವಿಷಯ ನೀನು ಬರೆದದ್ದು ಓದಿದೆ. ಆ ಪತ್ರ ಇಟ್ಟುಕೊಂಡಿದ್ದೇನೆ. ಅದಕ್ಕೆ ಉತ್ತರ ಈಗ ಬರೆಯಲಾರೆ.

ಭಾವ


ಫೆಬ್ರವರಿ ೧೫

ಭಾವನವರಿಗೆ,

ನೀವು ಬರೆಯುವ ಮುಂಚೆಯೇ ಮ್ಯಾನೇಜರು ಯಜಮಾನರಿಗೆ ಹೇಳಿದ್ದ. ಯಾರೋ ಒಬ್ಬರು ವಯಸ್ಸಾದವರು ಬಂದು ನಿಮ್ಮ ಕೆಲಸದವನ ಪರವಾಗಿ ಬಹಳ ಹೊತ್ತು ಮಾತಾಡಿದರು, ಹಿಂದುಗಡೆ ಕೂದಲು ಒಂದು ಥರ ಇತ್ತು, ಅಂದನಂತೆ. ನೀವೇ ಅಂತ ತಿಳಿಯಿತು.

ಅಂಗಡಿ ಮುಚ್ಚಿತು. ಕೊನೆಯ ದಿನ ಯಜಮಾನರ ಕೂದಲನ್ನು ನಾನೇ ಕತ್ತರಿಸಿದೆ. ಎದ್ದವರು ಕುರ್ಚಿಯ ತೋಳು ತಟ್ಟಿ, "ಇದು ನಿನ್ನದೇ ಅಲ್ವೇನೋ, ತಗೊಂಡ್ಹೋಗು. ಆದಾಗ ಕೊಡು" ಅಂದರು. ಕಾಗದವಿಲ್ಲ, ಸಹಿಯಿಲ್ಲ. ಎಷ್ಟು, ಯಾವಾಗ ಅಂತ ಕೇಳಿದರೆ ಬೈದರು. ನನಗೂ ಎದೆ ಮೇಲೆ ಕೂತಿದೆ. ಆದರೂ ತಂದೆ.

ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಇಟ್ಟಿದ್ದೇನೆ. ಹಳೆಯ ಗಿರಾಕಿಗಳು ಅಲ್ಲಿಗೇ ಬರುತ್ತಾರೆ, ಎಲ್ಲರೂ ಅಲ್ಲ. ಹೊಟ್ಟೆಗೆ ಸಾಕು, ಬಟ್ಟೆಗೆ ಸಾಲದು. ಟೇಪು ಹಚ್ಚಿದ ಸೀಟಿನ ಮೇಲೆ ಜನರನ್ನು ಮನೆಯೊಳಗೆ ಕೂರಿಸಲು ನಾಚಿಕೆಯಾಗುತ್ತದೆ. ಸೀಟು, ಬೆನ್ನು ಬಿಚ್ಚಿ ಲಾರಿಯವನ ಕೈಲಿ ಕಳಿಸುತ್ತಿದ್ದೇನೆ. ಹೊಸದು ಹಾಕಿಕೊಡಿ. ಕೂಲಿ ಎಷ್ಟು ಅಂತ ಬರೆಯಿರಿ. ಈಗಲೇ ಕೊಡುವುದಿಲ್ಲ.

ಮರಿ


ಮಾರ್ಚ್ ೨೨

ಮರಿಗೆ,

ಮೇಸ್ತ್ರಿಯನ್ನು ಕೇಳಿ, ಕೆಲಸ ಮುಗಿದ ಮೇಲೆ ಶೆಡ್ಡಿನಲ್ಲೇ ಬಿಚ್ಚಿದೆ.

ಮೊಳೆಗಳು ನನ್ನವೇ. ಎರಡು ನೇರ ಹೊಡೆದು ಮೂರನೆಯದನ್ನು ಓರೆ ಹೊಡೆಯುವುದು ನನ್ನ ಅಭ್ಯಾಸ. ಮೇಸ್ತ್ರಿ ಬಂದು ನೋಡಿ, ಯಾರಪ್ಪ ಇವನು, ಇಷ್ಟು ಗಟ್ಟಿ ಹೊಡೆದಿದ್ದಾನೆ, ಕೀಳೋಕೇ ಬರಲ್ಲ ಅಂದ. ಗೊತ್ತಿಲ್ಲ ಅಂದೆ.

ರೆಕ್ಸಿನ್ ಎತ್ತಿದರೆ ಒಳಗೆ ಬರೀ ಕೂದಲು. ಸಂದಿಯಲ್ಲಿ ಇಳಿದು ಇಳಿದು, ನಾರಿನ ಜೊತೆ ಸೇರಿ ಕಂಬಳಿಯ ಹಾಗೆ ಕೂತುಬಿಟ್ಟಿದೆ. ಕಪ್ಪು, ಕೆಂಚು, ಬಿಳಿ, ಮಕ್ಕಳ ರೇಷ್ಮೆಯಂಥದ್ದು, ನೀನು ನಿಂತು ದುಡಿದ ಅಷ್ಟೂ ವರ್ಷ. ಅಡಿಯಲ್ಲಿದ್ದದ್ದು ಹಳೆಯದು. ಅದರಲ್ಲಿ ನನ್ನದೂ ಇರಬೇಕು, ಕಪ್ಪಗಿದ್ದಾಗಿನದು. ಎಲ್ಲ ಗುಡಿಸಿ ತೆಗೆದೆ. ಒಂದು ಚೀಲ ಆಯಿತು.

ಹೊಸ ಸ್ಪಂಜು, ಹೊಸ ರೆಕ್ಸಿನ್. ಕೆಂಪು ಅದೇ ಬಣ್ಣ ಸಿಗಲಿಲ್ಲ, ಸ್ವಲ್ಪ ಗಾಢ. ಅಂಚಿನ ಪೈಪಿಂಗ್ ಮಾತ್ರ ಹಳೆಯದೇ. ಬಣ್ಣ ಹೋಗಿದೆ, ಆದರೆ ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ. ಮೂಲೆ ಬಂದಾಗ ಹಿಂದಕ್ಕೆ ಹೋಗಿ ಎರಡು ಸಲ ಹೊಲಿದಿದ್ದಾಳೆ. ಅದನ್ನು ಬಿಚ್ಚಿ, ತೊಳೆದು, ಒಣಗಿಸಿ, ಕೈಹೊಲಿಗೆ ಹಾಕಿ ಮತ್ತೆ ಕೂರಿಸಿದೆ. ಹೊಸದಕ್ಕೆ ಹಳೆಯದು ಒಪ್ಪುವುದಿಲ್ಲ ಅಂತ ಮೇಸ್ತ್ರಿ ಹೇಳಿದ. ಹೌದು, ಒಪ್ಪುವುದಿಲ್ಲ.

ಅವಳು ಬೇಡ ಅಂದದ್ದಕ್ಕೆ ಉತ್ತರ ಇಷ್ಟೇ ಮರಿ, ಬೇರೆ ನನಗೆ ಬರುವುದಿಲ್ಲ.

ಭಾನುವಾರ ನಾನೇ ತೆಗೆದುಕೊಂಡು ಬಂದು ಜೋಡಿಸುತ್ತೇನೆ. ಕೂಲಿ ಬರೆಯುತ್ತಿಲ್ಲ. ಬಿಟ್ಟುಕೊಟ್ಟೆ ಅಂತ ಅಲ್ಲ. ಬಿಲ್ಲು ಇನ್ನೂ ಹಾಕಿಲ್ಲ.

ಭಾವ


ಏಪ್ರಿಲ್ ೧೦

ಭಾವನವರಿಗೆ,

ಕುರ್ಚಿ ನೋಡಿದವರೆಲ್ಲ ಹೊಸದೇ ಎನ್ನುತ್ತಾರೆ, ಆಮೇಲೆ ಹಳೆಯ ಅಂಚನ್ನು ಮುಟ್ಟಿ ನೋಡುತ್ತಾರೆ.

ಆ ಭಾನುವಾರ ಕುರ್ಚಿ ಜೋಡಿಸಿದ ಮೇಲೆ ನಿಮ್ಮನ್ನೇ ಅದರಲ್ಲಿ ಕೂರಿಸಿ ಬಟ್ಟೆ ಹೊದಿಸಿದಾಗ ನೀವು ಕಣ್ಣು ಮುಚ್ಚಿದಿರಿ, ತೆಗೆಯಲೇ ಇಲ್ಲ. ಕತ್ತಿನ ಹತ್ತಿರ ಟ್ರಿಮ್ಮರಿನಲ್ಲಿ ನೀವು ಮಾಡಿಕೊಂಡಿದ್ದ ಎಡವಟ್ಟು ಸರಿಯಾಗಲು ಇನ್ನೆರಡು ಸಲ ಕೂರಬೇಕು.

ನೀವು ಹೋದ ಮೇಲೆ ಪೌಡರ್ ಡಬ್ಬಿ ಎತ್ತಿದರೆ ಅಡಿಯಲ್ಲಿ ದುಡ್ಡು. ಕೂರುವ ಮುಂಚೆಯೇ ಇಟ್ಟಿದ್ದಿರಿ, ನಾನು ಕತ್ತರಿ ಹುಡುಕುತ್ತಿದ್ದಾಗ. ಇದರ ಜೊತೆ ವಾಪಸ್ ಕಳಿಸಿದ್ದೇನೆ. ಬಿಲ್ ಬರುವ ಮುಂಚೆ ಕಟ್ಟಿದರೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಬರೆದವರು ನೀವೇ.

ಕೂದಲು ಬೆಳೆದ ಮೇಲೆ ಬನ್ನಿ.

ಮರಿ


ಏಪ್ರಿಲ್ ೧೯

ಮರಿಗೆ,

ದುಡ್ಡು ತಲುಪಿತು. ಮತ್ತೆ ಕಳಿಸಬೇಕೆಂದು ಕವರಿಗೆ ಹಾಕಿದೆ, ವಿಳಾಸವನ್ನೂ ಬರೆದೆ. ಆಮೇಲೆ ತೆಗೆದು ಅದರಲ್ಲಿ ಬ್ರೆಡ್ಡು, ಬಲ್ಬು ಕೊಂಡೆ.

ಇವತ್ತು ಮೇಸ್ತ್ರಿ ನನ್ನ ಹಿಂದೆ ಬಂದು ನಿಂತು, ಶೋರೂಮ್, ಎಲ್ಲಿ ಕಟಿಂಗ್ ಮಾಡಿಸಿದೆ, ಎಷ್ಟು ತಗೊಂಡ ಅಂದ. ಗುರುತಿನವರು, ಇನ್ನೂ ಕೊಟ್ಟಿಲ್ಲ, ಬಾಕಿ ಇದೆ ಅಂದೆ. ಹೇಳುವಾಗ ಎದೆ ಧಸಕ್ಕೆನ್ನುತ್ತದೋ ಅಂತ ಕಾದೆ. ಸ್ವಲ್ಪ ಅಂದಿತು.

ಕೂದಲು ಬೆಳೆಯುತ್ತಿದೆ. ಮುಂದಿನ ತಿಂಗಳು ಬರುತ್ತೇನೆ.

ನಿನ್ನ ಸಾಲಗಾರ,
ಭಾವ